ಗರ್ಭಪಾತದ ನಂತರ: ವಂಕಿಯೋ, ಅಂತರ ಚುಚ್ಚುಮದ್ದೋ?

ಗರ್ಭಪಾತವಾದ ಎರಡು ವಾರದೊಳಗೇ ಮತ್ತೆ ಗರ್ಭ ನಿಲ್ಲಬಹುದು. ‘ಒಂದು ಮುಟ್ಟು ಬರಲಿ, ಗರ್ಭ ತಡೆಯುವ ವಿಚಾರ ಆಮೇಲೆ ನೋಡೋಣ’ ಅನ್ನುವುದು ಸರಿಯಲ್ಲ.

ವಂಕಿ ಅಂದರೆ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಸಣ್ಣ ಸಾಧನ. ಇದರಲ್ಲಿ ಕಾಪರ್-ಟಿ 380ಎ 10 ವರ್ಷಕ್ಕೆ, 375 ಆದರೆ 5 ವರ್ಷಕ್ಕೆ. ಸೋಂಕಿಲ್ಲದಿದ್ದರೆ ಗರ್ಭಕೋಶ ಖಾಲಿ ಮಾಡಿದ ಕೂಡಲೇ ಅಥವಾ 12 ದಿನದೊಳಗೆ ಹಾಕುತ್ತಾರೆ. ಗರ್ಭಪಾತಕ್ಕೆ ಮಾತ್ರೆ ನುಂಗಿದ್ದವರಿಗೆ ಗರ್ಭ ಪೂರ್ತಿ ಹೋಗಿದೆಯೆಂದು ಖಚಿತವಾದ ಮೇಲೆ, ಸಾಮಾನ್ಯವಾಗಿ 15ನೇ ದಿನದ ತಪಾಸಣೆಯಲ್ಲಿ. ವಂಕಿ ಎದೆಗೆ ಏರುತ್ತದೆ ಎಂದು ಹೆದರುವವರಿದ್ದಾರೆ. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ನಿಜವಾದ ತಾಪತ್ರಯ ಬೇರೆ: ಮೊದಲ 3–6 ತಿಂಗಳು ಮುಟ್ಟಿನಲ್ಲಿ ಹೆಚ್ಚು ರಕ್ತ, ಹೊಟ್ಟೆನೋವು. ಮೂರು ತಿಂಗಳು ದಾಟಿದ ಗರ್ಭ ತೆಗೆಸಿ ಕೂಡಲೇ ಹಾಕಿಸಿಕೊಂಡರೆ ಜಾರಿ ಬೀಳುವ ಸಂಭವವೂ ಜಾಸ್ತಿ.

‘ಅಂತರ’ ಅನ್ನುವುದು ಗರ್ಭ ನಿಲ್ಲದಂತೆ ಕೊಡುವ ಚುಚ್ಚುಮದ್ದಿನ ಹೆಸರು: ಮೂರು ತಿಂಗಳಿಗೊಮ್ಮೆ, 150 ಮಿ.ಗ್ರಾಂ. ಚುಚ್ಚಿದ ಜಾಗವನ್ನು ತಿಕ್ಕಬೇಡಿ, ಶಾಖ ಕೊಡಬೇಡಿ. ಔಷಧ ಬೇಗ ಹೀರಿಹೋಗುತ್ತದೆ. ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೆ ಕಟ್ಟಿಕೊಂಡಿದೆ ಅಂತಲ್ಲ, ಗರ್ಭಕೋಶದ ಒಳಪದರ ದಪ್ಪವಾಗಿಲ್ಲ ಅಷ್ಟೆ. ಆದರೆ ಚುಚ್ಚುಮದ್ದು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೊನೆಯ ಡೋಸಿನಿಂದ 7–10 ತಿಂಗಳು ಹಿಡಿಯಬಹುದು. ವರ್ಷದಲ್ಲೇ ಮಗು ಬೇಕೆನ್ನುವವರಿಗೆ ವಂಕಿಯೇ ಮೇಲು: ತೆಗೆಸಿದ ತಿಂಗಳೇ ಗರ್ಭ ನಿಲ್ಲಬಹುದು.

ಕಾಫಿ ಕೊಯ್ಲು ಮುಗಿಸಿ ಮೂಡಿಗೆರೆ, ಸಕಲೇಶಪುರದ ತೋಟಗಳಿಂದ ಊರು ಬದಲಿಸುವವರಿಗೆ ಅಂತರದ ತಾರೀಖು ತಪ್ಪುವುದು ಸುಲಭ. 4 ವಾರದವರೆಗೆ ತಡವಾದರೂ ನಡೆಯುತ್ತದೆ. ಚುಚ್ಚುಮದ್ದಿನ ತಾರೀಖು ಬರೆದ ಕಾರ್ಡು ಮಾತ್ರ ಜೊತೆಗಿರಲಿ.

ಎರಡಕ್ಕೂ ಗಂಡನ ಸಹಿ ಬೇಕಿಲ್ಲ. ವಂಕಿ ಹಾಕಿಸಿಕೊಂಡರೆ ಮಾತ್ರ ಗರ್ಭಪಾತ ಮಾಡುತ್ತೇವೆ ಎಂದು ಯಾರೂ ಷರತ್ತು ಹಾಕುವಂತೆಯೂ ಇಲ್ಲ.