ವೇಬ್ಯಾಕ್ ಮೆಷಿನ್: ಸೈಟಿನಿಂದ ಮಾಯವಾದ ಫೋಟೋ ಹುಡುಕಲು ನಾನು ನಂಬುವ ಸೇವೆ

ನನ್ನ ಸೈಟಿನ ಜೀವವೇ ಫೋಟೋ. ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಸುತ್ತಿ ತೆಗೆದ ವೀರಗಲ್ಲು, ಮಾಸ್ತಿಗಲ್ಲುಗಳ (ಸತಿ ಹೋದವರ ನೆನಪಿನ ಕಲ್ಲುಗಳ) ಚಿತ್ರಗಳು. ಅವನ್ನೆಲ್ಲ ಇಟ್ಟಿದ್ದ ಒಂದು ಉಚಿತ ಫೋಟೋ ತಾಣ ಬಾಗಿಲು ಹಾಕಿತು. ಮೂಲ ಫೈಲುಗಳಿದ್ದ ಹಾರ್ಡ್ ಡಿಸ್ಕ್ ಅದಕ್ಕೂ ಮೊದಲೇ ಕೆಟ್ಟಿತ್ತು. ಹಳೆಯ ಪುಟಗಳಲ್ಲಿ ಬರಹ ಉಳಿಯಿತು, ಕಲ್ಲುಗಳ ಜಾಗದಲ್ಲಿ ಹರಿದ ಚಿತ್ರದ ಗುರುತು ಬಂತು.

ಆಗ ಕೈ ಹಿಡಿದದ್ದು ವೇಬ್ಯಾಕ್ ಮೆಷಿನ್. ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ ನಡೆಸುವ ಸೇವೆ ಇದು. 1996ರಿಂದ ವೆಬ್ ಪುಟಗಳ ಪ್ರತಿ ತೆಗೆದಿಡುತ್ತಿದ್ದಾರೆ, 2001ರಲ್ಲಿ ಎಲ್ಲರಿಗೂ ತೆರೆದರು. ಹುಡುಕಲು ದುಡ್ಡು ಬೇಡ, ಖಾತೆಯೂ ಬೇಡ.

ಇದರ ಬಳಿ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ಟ್ಯಾಬಿನಲ್ಲಿ ತೆರೆಯಿರಿ. 403 ಎಂಬ ದೋಷಸಂಖ್ಯೆ ಬಂದರೆ ಸರ್ವರ್ ಕೊಡಲು ಒಪ್ಪುತ್ತಿಲ್ಲ ಎಂದರ್ಥ, ಫೈಲ್ ಅಲ್ಲೇ ಇರಬಹುದು. 404 ಬಂದರೆ ಆ ವಿಳಾಸದಲ್ಲಿ ಫೈಲ್ ಇಲ್ಲ. ಆಗಲೂ ಹೆಸರನ್ನು ಸರಿಯಾಗಿ ನೋಡಿ. ಲಿನಕ್ಸ್ ಸರ್ವರಿಗೆ ಫೈಲಿನ ಹೆಸರಿನ ಕೊನೆಯಲ್ಲಿ ಬರುವ ದೊಡ್ಡಕ್ಷರದ ಜೆಪಿಜಿ ಬೇರೆ, ಸಣ್ಣಕ್ಷರದ ಜೆಪಿಜಿ ಬೇರೆ. ಅಷ್ಟಕ್ಕೇ ಸರಿಹೋಗುವ ಚಿತ್ರಗಳೂ ಇರುತ್ತವೆ.

ಫೈಲ್ ನಿಜಕ್ಕೂ ಹೋಗಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಪುಟದ ವಿಳಾಸ ಕೊಟ್ಟರೆ ಕ್ಯಾಲೆಂಡರ್ ಬರುತ್ತದೆ, ಗುರುತಿರುವ ದಿನ ಒತ್ತಿದರೆ ಅಂದಿನ ಪುಟ ತೆರೆಯುತ್ತದೆ. ಒಂದು ದಿನದ ಪ್ರತಿಯಲ್ಲಿ ಚಿತ್ರ ಖಾಲಿ ಇದ್ದರೆ ಸುಮ್ನೆ ಬಿಡಬೇಡಿ, ಬೇರೆ ವರ್ಷದ ಪ್ರತಿ ನೋಡಿ. ನನಗೆ ಜಾಸ್ತಿ ಉಪಯೋಗವಾದದ್ದು ವಿಳಾಸಗಳ, ಅಂದರೆ ಯುಆರ್‌ಎಲ್‌ಗಳ ಪಟ್ಟಿ. ಸೈಟಿನ ವಿಳಾಸ ಕೊಟ್ಟು ಅದನ್ನು ತೆರೆದು, ಹುಡುಕುವ ಜಾಗದಲ್ಲಿ ಜೆಪೆಗ್ ಎಂದು ಇಂಗ್ಲಿಷಿನಲ್ಲಿ ಬರೆದರೆ, ಅಲ್ಲಿ ಉಳಿದಿರುವ ಫೋಟೋಗಳು ಸಾಲಾಗಿ ಕಾಣುತ್ತವೆ. ಫೋಟೋ ಬೇರೆ ತಾಣದಲ್ಲಿದ್ದರೆ ಆ ತಾಣದಲ್ಲಿದ್ದ ನಿಮ್ಮ ಫೋಲ್ಡರಿನ ವಿಳಾಸ ಕೊಡಬೇಕು.

ಹೀಗೆ ಸಿಕ್ಕಿದ ಒಂದು ವೀರಗಲ್ಲಿನ ಫೋಟೋ ನೋಡಿ ನನಗೆ ಕಣ್ಣು ತುಂಬಿತು. ಈಗ ಆ ಕಲ್ಲನ್ನು ಸಿಮೆಂಟ್ ಕಟ್ಟೆಯಲ್ಲಿ ಕೂರಿಸಿ ಬಣ್ಣ ಬಳಿದಿದ್ದಾರೆ. ಕೆಳಗಿನ ಪಟ್ಟಿಕೆಯ ತುರುಗಾಳಗದ (ದನಗಳಿಗಾಗಿ ನಡೆದ ಕಾಳಗದ) ಹಸುಗಳು ಕಟ್ಟೆಯೊಳಗೆ ಹೋಗಿವೆ, ಅಕ್ಷರಗಳು ಬಣ್ಣದಡಿ ಮುಚ್ಚಿಹೋಗಿವೆ. ಹಳೆಯ ಫೋಟೋದಲ್ಲಿ ಎರಡೂ ಸ್ಪಷ್ಟವಾಗಿವೆ. ಮತ್ತೆ ಹೋಗಿ ತೆಗೆಯಬಹುದಾದ ಫೋಟೋ ಅಲ್ಲ ಅದು, ಅಲ್ವಾ?

ಕೊರತೆಗಳೂ ಇವೆ. ಬಹಳ ನಿಧಾನ. ಬೇಗ ಬೇಗ ತೆರೆಯುತ್ತಾ ಹೋದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಪುಟದಲ್ಲಿ ಕಾಣುತ್ತಿದ್ದ ಚಿಕ್ಕ ಪ್ರತಿ ಸಿಕ್ಕರೂ, ಒತ್ತಿದರೆ ತೆರೆಯುತ್ತಿದ್ದ ದೊಡ್ಡ ಪ್ರತಿ ಹಲವು ಕಡೆ ಇಲ್ಲ. ಶಾಸನ ಓದುವವರಿಗೆ ಬೇಕಾದದ್ದು ದೊಡ್ಡದೇ, ಹಾಗಾಗಿ ಇದು ದೊಡ್ಡ ನಷ್ಟ. ಕೆಳಗೆ ಸ್ಕ್ರೋಲ್ ಮಾಡಿದಾಗ ಮಾತ್ರ ತೆರೆದುಕೊಳ್ಳುವ ಚಿತ್ರಗಳೂ ಎಷ್ಟೋ ಸಲ ತಪ್ಪಿಹೋಗಿರುತ್ತವೆ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಾಗಿ ಇಡೀ ಸೇವೆ ಕೆಲವು ದಿನ ನಿಂತಿತ್ತು. ಆದ್ದರಿಂದ ಸಿಕ್ಕ ಚಿತ್ರವನ್ನು ಇಳಿಸಿಕೊಂಡು ನಿಮ್ಮದೇ ಸರ್ವರಿನಲ್ಲಿಡಿ. ಆರ್ಕೈವಿನ ಕೊಂಡಿಯನ್ನೇ ಪುಟಕ್ಕೆ ಅಂಟಿಸಬೇಡಿ.

ಇಷ್ಟಿದ್ದರೂ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಈಗ ಹೊಸ ಪುಟ ಹಾಕಿದ ದಿನವೇ, ಪುಟದ ಪ್ರತಿಯನ್ನು ಆಗಲೇ ತೆಗೆದಿಡುವ ಇದೇ ಸೇವೆಯ 'ಸೇವ್ ಪೇಜ್ ನೌ'ಗೆ ಅದರ ವಿಳಾಸ ಕೊಡುತ್ತೇನೆ. ದೊಡ್ಡ ಫೋಟೋದ ವಿಳಾಸವನ್ನು ಬೇರೆಯಾಗಿ ಕೊಟ್ಟರೆ ಅದನ್ನೂ ಉಳಿಸಿಕೊಳ್ಳುತ್ತದೆ.