ವರ್ಡ್‌ಪ್ರೆಸ್ ಟೆಂಪ್ಲೇಟು ಮತ್ತು ಮೆನು: 2011ರಿಂದ ಬಳಸಿದ ಮೇಲೆ

ಬ್ಲಾಗ್, ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ನಾನು ಬ್ಲಾಗ್ ಶುರು ಮಾಡಿದ್ದು 2011ರಲ್ಲಿ. ಅಲ್ಲಿಂದೀಚೆಗೆ ಥೀಮ್ (ಸೈಟಿನ ರೂಪ ತೀರ್ಮಾನಿಸುವ ಫೈಲುಗಳ ಕಟ್ಟು) ನಾಲ್ಕು ಸಲ ಬದಲಾಗಿದೆ, ಬ್ಲಾಗ್ ಮಾತ್ರ ಅದೇ. ಬರೆಯುವುದು ಆಕಾಶದ ಬಗ್ಗೆ. ಗ್ರಹ, ನಕ್ಷತ್ರ, ದುರ್ಬೀನು, ಎಲ್ಲವೂ ಕಂತು ಕಂತಾಗಿ. ಪ್ಲಗಿನ್, ವೇಗ, ಎಡಿಟರ್ ಬಗ್ಗೆ ಇಲ್ಲಿ ಹೇಳುವುದಿಲ್ಲ. ಟೆಂಪ್ಲೇಟು (ಯಾವ ಬಗೆಯ ಪುಟ ಹೇಗೆ ಕಾಣಬೇಕೆಂದು ಹೇಳುವ ಥೀಮಿನ ಫೈಲು) ತಿದ್ದುವುದು, ಓದುಗರಿಗೆ ದಾರಿ ತೋರಿಸುವ ಮೆನು ಮತ್ತು ಲಿಂಕು, ಇಷ್ಟೇ ನನ್ನ ವಿಷಯ. ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟೆಂಪ್ಲೇಟಿನ ವ್ಯವಸ್ಥೆ ನನಗೆ ತುಂಬಾ ಇಷ್ಟ. ಮೆನು ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು.

ಟೆಂಪ್ಲೇಟಿನಲ್ಲಿ ಎಲ್ಲವೂ ಫೈಲಿನ ಹೆಸರಿನ ಮೇಲೆ ನಿಂತಿದೆ. ಒಂದು ಬರಹ ತೆರೆದರೆ ಸಿಂಗಲ್.ಪಿಎಚ್‌ಪಿ, ಪುಟ ತೆರೆದರೆ ಪೇಜ್.ಪಿಎಚ್‌ಪಿ. ಯಾವುದೋ ವಿಭಾಗ ತೆರೆದರೆ, ಆ ವಿಭಾಗದ ಹೆಸರಿನದೇ ಫೈಲ್ ಇದೆಯಾ ಎಂದು ಮೊದಲು ಹುಡುಕುತ್ತದೆ. ಇಲ್ಲದಿದ್ದರೆ ಅದರ ಐಡಿ ನಂಬರಿನ ಫೈಲು. ಆಮೇಲೆ ಕ್ಯಾಟಗರಿ.ಪಿಎಚ್‌ಪಿ, ಆಮೇಲೆ ಆರ್ಕೈವ್.ಪಿಎಚ್‌ಪಿ. ಯಾವುದೂ ಸಿಗದಿದ್ದರೆ ಇಂಡೆಕ್ಸ್.ಪಿಎಚ್‌ಪಿ. ಈ ಮೆಟ್ಟಿಲುಗಳು ತಲೆಯಲ್ಲಿ ಕೂತ ಮೇಲೆ ಯಾವ ಫೈಲ್ ಮುಟ್ಟಬೇಕು ಎಂದು ನಾನು ತಡಕಾಡಿದ್ದೇ ಇಲ್ಲ. ನಕ್ಷತ್ರಪುಂಜಗಳ ವಿಭಾಗದಲ್ಲಿ ದಿನಾಂಕ ಬೇಡ, ಚಿತ್ರ ದೊಡ್ಡದಾಗಿ ಬರಲಿ ಅನಿಸಿತ್ತು. ಕ್ಯಾಟಗರಿ ಫೈಲನ್ನು ಕಾಪಿ ಮಾಡಿದೆ. ಹೆಸರಿನ ಕೊನೆಗೆ ಆ ವಿಭಾಗದ ಸ್ಲಗ್ (ವೆಬ್ ವಿಳಾಸದಲ್ಲಿ ಬರುವ ಹೆಸರು) ಸೇರಿಸಿದೆ. ದಿನಾಂಕದ ಸಾಲು ಅಳಿಸಿ ಚಿತ್ರದ ಅಳತೆ ಬದಲಾಯಿಸಿದೆ. ಬೇರೆ ವಿಭಾಗಗಳಿಗೆ ಏನೂ ಆಗಲಿಲ್ಲ.

ಇದನ್ನೆಲ್ಲ ಚೈಲ್ಡ್ ಥೀಮಿನಲ್ಲೇ ಮಾಡಿ, ಅಂದರೆ ಮೂಲ ಥೀಮನ್ನು ಆಧರಿಸಿದ, ಅದರ ಅಪ್‌ಡೇಟ್ ಮುಟ್ಟದ ನಿಮ್ಮದೇ ಥೀಮಿನಲ್ಲಿ. ಮೊದಲ ವರ್ಷ ನಾನು ಮೂಲ ಥೀಮಿನ ಫೈಲುಗಳನ್ನೇ ತಿದ್ದಿದ್ದೆ. ಅಪ್‌ಡೇಟ್ ಒತ್ತಿದ ಕೂಡಲೇ ಮೂರು ತಿಂಗಳ ಕೆಲಸ ಹೋಯಿತು. ತುಂಬಾ ಬೇಜಾರಾಗಿತ್ತು. ಚೈಲ್ಡ್ ಥೀಮ್ ಎಂದರೆ ಒಂದು ಫೋಲ್ಡರು, ಅದರೊಳಗೆ ಒಂದು ಸ್ಟೈಲ್.ಸಿಎಸ್‌ಎಸ್, ಅದರ ಮೇಲ್ಭಾಗದಲ್ಲಿ ಮೂಲ ಥೀಮಿನ ಫೋಲ್ಡರ್ ಹೆಸರು ಹೇಳುವ ಒಂದು ಸಾಲು. ಹತ್ತು ನಿಮಿಷದ ಕೆಲಸ. ಥೀಮಿನ ಕೋಡ್ ಇರುವ ಫಂಕ್ಷನ್ಸ್.ಪಿಎಚ್‌ಪಿ ಮುಟ್ಟುವಾಗ ಮಾತ್ರ ಜಾಸ್ತಿ ಎಚ್ಚರ ಬೇಕು. ಒಂದು ಸೆಮಿಕೋಲನ್ ಬಿಟ್ಟುಹೋದರೂ ಇಡೀ ಸೈಟ್ ನಿಂತುಬಿಡಬಹುದು. 2019ರಲ್ಲಿ ಬಂದ ವರ್ಡ್‌ಪ್ರೆಸ್ 5.2 ಆವೃತ್ತಿಯಿಂದ ಇಂಥ ತಪ್ಪಾದಾಗ ಅಡ್ಮಿನ್ ಇಮೇಲಿಗೆ ಒಂದು ಲಿಂಕ್ ಬರುತ್ತದೆ, ಅದರ ಮೂಲಕ ಒಳಗೆ ಹೋಗಿ ಸರಿಮಾಡಬಹುದು. ಅದಕ್ಕೂ ಮುಂಚೆ ನನಗೆ ಸರ್ವರಿನ ಫೈಲುಗಳನ್ನು ನೇರವಾಗಿ ತಲುಪುವ ಎಫ್‌ಟಿಪಿಯೇ ಗತಿಯಾಗಿತ್ತು.

ಇನ್ನು ದಾರಿ ತೋರಿಸುವ ವಿಷಯ. ಒಬ್ಬ ಓದುಗರು ನನಗೆ ಬರೆದಿದ್ದರು: "ಶನಿಯ ಉಂಗುರಗಳ ಎರಡನೇ ಕಂತು ಓದಿ 'ಮುಂದಿನದು' ಒತ್ತಿದೆ. ದುರ್ಬೀನಿನ ಗಾಜು ಒರೆಸುವುದು ಹೇಗೆ ಅಂತ ಬಂತು. ಮೂರನೇ ಕಂತು ನೀವು ಬರೆಯಲೇ ಇಲ್ವಾ?" ಮೂರನೇ ಕಂತು ಎರಡು ವರ್ಷದಿಂದ ಅಲ್ಲೇ ಇತ್ತು! ಬರಹದ ಕೆಳಗಿನ ಹಿಂದಿನದು, ಮುಂದಿನದು ಲಿಂಕುಗಳು ಸುಮ್ನೆ ದಿನಾಂಕದ ಲೆಕ್ಕದಲ್ಲಿ ಹೋಗುತ್ತವೆ. ಎರಡು ಕಂತಿನ ನಡುವೆ ನಾನು ಬೇರೇನೋ ಬರೆದಿದ್ದರೆ ಓದುಗರು ಅಲ್ಲಿಗೇ ಹೋಗಿ ಬೀಳುತ್ತಾರೆ. ಸರಿಮಾಡುವುದು ಸುಲಭ. ಸಿಂಗಲ್ ಟೆಂಪ್ಲೇಟಿನಲ್ಲಿ ಆ ಲಿಂಕು ತರುವ ಫಂಕ್ಷನ್‌ಗೆ 'ಇನ್ ಸೇಮ್ ಟರ್ಮ್' ಎಂಬ ಆಯ್ಕೆ ಇದೆ. ಅದನ್ನು ಟ್ರೂ ಮಾಡಿದರೆ ಅದೇ ವಿಭಾಗದೊಳಗೆ ಮಾತ್ರ ಓಡಾಡುತ್ತದೆ. ಆದರೆ ಒಂದು ಬರಹ ಎರಡು ವಿಭಾಗದಲ್ಲಿದ್ದರೆ, ಎರಡರಲ್ಲಿ ಯಾವುದರ ಬರಹವಾದರೂ ಮುಂದೆ ಬರಬಹುದು. ಅದಕ್ಕೇ ಈಗ ಪ್ರತಿ ಮಾಲಿಕೆಗೂ ಒಂದೇ ವಿಭಾಗ, ಬೇರೆ ನಂಟೆಲ್ಲ ಟ್ಯಾಗಿನಲ್ಲಿ. ಲಿಂಕಿನ ಮೇಲೆ ಬರಹದ ಶೀರ್ಷಿಕೆಯೂ ಕಾಣುವಂತೆ ಮಾಡಿದೆ. ಈ ಬ್ಲಾಗಿಗೆ ನಾನು ಮಾಡಿದ ತಿದ್ದುಪಡಿಗಳಲ್ಲಿ ಓದುಗರಿಗೆ ಅತಿ ಹೆಚ್ಚು ಉಪಯೋಗವಾದದ್ದು ಇದೇ ಎಂದು ನಾನು ನಂಬಿದ್ದೇನೆ.

ಮೇಲಿನ ಮೆನು ಜನರ ಕಣ್ಣಿಗೆ ಬೇಗ ಬೀಳುತ್ತದೆ, ನಿಜ. ಎಳೆದು ಜೋಡಿಸುವ ಮೆನು 2010ರ 3.0ರಲ್ಲೇ ಬಂದಿತ್ತು. ಸುಲಭವಿದೆ ಎಂದು ನಾನು ಹದಿನಾಲ್ಕು ಲಿಂಕು ತುಂಬಿದ್ದೆ, ಒಳಗೊಳಗೆ ಮೂರು ಹಂತ. ಫೋನಿನಲ್ಲಿ ಮೂರನೇ ಹಂತಕ್ಕೆ ಬೆರಳು ಹೋಗುತ್ತಲೇ ಇರಲಿಲ್ಲ. ಈಗ ಐದೇ ಲಿಂಕು. ಉಳಿದದ್ದಕ್ಕೆ 'ಎಲ್ಲ ಬರಹಗಳು' ಎಂಬ ಒಂದು ಪುಟ ಮತ್ತು ಹುಡುಕುವ ಪೆಟ್ಟಿಗೆ.

ಕನ್ನಡದಲ್ಲಿ ಬರೆಯುವವರು ಒಂದನ್ನು ನೋಡಿಕೊಳ್ಳಬೇಕು. ನನ್ನ ಎರಡನೇ ಥೀಮಿನಲ್ಲಿ ಮೆನು ಸಾಲಿಗೆ ಅಳತೆ ಕಟ್ಟಿ ಎತ್ತರ ಕೊಟ್ಟಿದ್ದರು. ಇಂಗ್ಲಿಷಿಗೆ ಅದು ಸಾಕು. 'ನಕ್ಷತ್ರ' ಎಂದು ಹಾಕಿದರೆ ತ ಕೆಳಗಿನ ರ ಒತ್ತು ಅರ್ಧ ಕತ್ತರಿಸಿ ಹೋಗಿತ್ತು. ಆ ಎತ್ತರ ತೆಗೆದು, ಸಾಲಿನ ಅಂತರವನ್ನು 1.7ಕ್ಕೆ ಏರಿಸಿದ ಮೇಲೆ ಒತ್ತಕ್ಷರಗಳು ಪೂರ್ತಿ ಕಂಡವು. ಸ್ಲಗ್ ಕೂಡ ಹಾಗೇ. ಕನ್ನಡದ ಒಂದು ಅಕ್ಷರ ಯುಟಿಎಫ್-8ರಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರ ಉಳಿಸುವ ಪದ್ಧತಿ) 3 ಬೈಟು, ವಿಳಾಸದಲ್ಲಿ ಬರೆದಾಗ 9 ಚಿಹ್ನೆ. ಸ್ಲಗ್‌ಗೆ ಇರುವ ಜಾಗ 200 ಚಿಹ್ನೆ. ಕಾಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ ಮೂರು ನಾಲ್ಕು ಪದಕ್ಕೇ ಜಾಗ ಮುಗಿದು ವಿಳಾಸ ತುಂಡಾಗುತ್ತದೆ. ನಾನು ಸ್ಲಗ್ ಅನ್ನು ಇಂಗ್ಲಿಷ್ ಅಕ್ಷರದಲ್ಲಿ ಕೈಯಾರೆ ಬರೆಯುತ್ತೇನೆ. ವಿಭಾಗದ ಟೆಂಪ್ಲೇಟಿಗೆ ಹೆಸರಿಡಲೂ ಅದೇ ಸಲೀಸು.

2022ರ ಜನವರಿಯಲ್ಲಿ 5.9 ಬಂದ ಮೇಲೆ ಸೈಟ್ ಎಡಿಟರ್ ಇದೆ. ಕೋಡ್ ಬರೆಯದೆ ತಲೆಬರಹ, ಅಡಿಬರಹ, ಮೆನು ಎಲ್ಲವನ್ನೂ ಕಣ್ಣೆದುರೇ ಕಟ್ಟಬಹುದು. ಹೊಸಬರಿಗೆ ಇದು ದೊಡ್ಡ ವರ. ಇನ್ನೊಂದು ಚಿಕ್ಕ ಬ್ಲಾಗಿಗೆ ನಾನೂ ಬಳಸುತ್ತಿದ್ದೇನೆ. ಒಂದು ಸಂಜೆ ಪೂರ್ತಿ ಅಲ್ಲಿ ಟೆಂಪ್ಲೇಟು ಫೈಲ್ ತಿದ್ದಿದೆ, ಸೇವ್ ಮಾಡಿದೆ, ಬ್ರೌಸರ್ ಕ್ಯಾಶೆ ಅಳಿಸಿದೆ. ಪುಟ ಬದಲಾಗಲೇ ಇಲ್ಲ. ಕಾರಣ ಇಷ್ಟೇ. ಎಡಿಟರಿನಲ್ಲಿ ಒಮ್ಮೆ ಮಾಡಿದ ಬದಲಾವಣೆ ಡೇಟಾಬೇಸಿನಲ್ಲಿ ಉಳಿಯುತ್ತದೆ, ಥೀಮಿನ ಫೈಲಿಗಿಂತ ಅದಕ್ಕೇ ಮೊದಲ ಮಣೆ. ಆ ಟೆಂಪ್ಲೇಟನ್ನು ರೀಸೆಟ್ ಮಾಡಿದ ಕೂಡಲೇ ನನ್ನ ಫೈಲು ಕಂಡಿತು. ಎಡಿಟರಿನಲ್ಲಿ ತಿದ್ದುತ್ತೀರೋ ಫೈಲಿನಲ್ಲಿ ತಿದ್ದುತ್ತೀರೋ, ಒಂದನ್ನು ಹಿಡಿದುಕೊಳ್ಳಿ.

ಹಳೆಯ ಬ್ಲಾಗ್ ಇನ್ನೂ ಕ್ಲಾಸಿಕ್ ಥೀಮಿನಲ್ಲೇ, ಅಂದರೆ ಸೈಟ್ ಎಡಿಟರ್ ಇಲ್ಲದ ಹಳೆಯ ಬಗೆಯದರಲ್ಲೇ ಇದೆ. ಅಲ್ಲಿ ಥೀಮ್ ಬದಲಾಯಿಸಿದಾಗ ಮೆನು ಅಳಿದುಹೋಗುವುದಿಲ್ಲ, ಆದರೆ ಹೊಸ ಥೀಮಿನಲ್ಲಿ ಮೆನು ಕೂರುವ ಜಾಗದ ಹೆಸರು ಬೇರೆಯಿದ್ದರೆ ಅದನ್ನು ಮತ್ತೆ ಆರಿಸಿ ಕೂರಿಸಬೇಕಾಗುತ್ತದೆ. ಮೂರನೇ ಸಲ ಬದಲಾಯಿಸಿದಾಗ ಯಾವ ಲಿಂಕು ಎಲ್ಲಿತ್ತು ಎಂದು ನೆನಪಿಸಿಕೊಳ್ಳಲು ನನಗೆ ಒಂದು ಗಂಟೆ ಹಿಡಿದಿತ್ತು. ನಾಲ್ಕನೇ ಸಲ ಮೊದಲೇ ಮೆನುವಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ, ಐದು ನಿಮಿಷದಲ್ಲಿ ಮುಗಿಯಿತು.