ಲೇಯರ್ ಕೂದಲಿಗೆ ಮನೆ ಟ್ರಿಮ್ಮಿಂಗ್ ಕಿಟ್: ಕತ್ತರಿ ಗೆದ್ದಿತು, ಗುಳ್ಳೆ ಕ್ಲಿಪ್ ಕೈಕೊಟ್ಟಿತು

ಐದೂವರೆ ಇಂಚಿನ ಕತ್ತರಿ, ಹಲ್ಲಿರುವ ಥಿನ್ನಿಂಗ್ ಕತ್ತರಿ, ಬಾಲದ ಬಾಚಣಿಗೆ, ಮಟ್ಟ ತೋರಿಸುವ ನೀರಿನ ಗುಳ್ಳೆ ಕೂರಿಸಿದ ಎರಡು ಕ್ಲಿಪ್, ಕುತ್ತಿಗೆಗೆ ಕಟ್ಟುವ ಬಟ್ಟೆ. ಈ ಥರದ ಕಿಟ್‌ಗಳ ಹೆಸರು ಬೇರೆಬೇರೆಯಾದರೂ ಒಳಗಿರುವುದು ಹೆಚ್ಚುಕಮ್ಮಿ ಇಷ್ಟೇ. ಡಬ್ಬಿಯ ಮೇಲಿನ ವಿವರ ನೀವೂ ಓದಿರುತ್ತೀರಿ, ಅದು ಬಿಡೋಣ. ಬಹಳ ಕಾಲ ಬಳಸಿದ ಮೇಲೆ ಹೇಳಲೇಬೇಕಾದ್ದು ಒಂದಿದೆ: ಯಾವ ಗುಳ್ಳೆ ಕ್ಲಿಪ್ ತೋರಿಸಿ ಕಿಟ್ ಮಾರುತ್ತಾರೋ, ಲೇಯರ್ ಕೂದಲಿನ ಉದ್ದ ತಿನ್ನುವುದು ಅದೇ.

ಒಂದೇ ಉದ್ದಕ್ಕೆ ಕತ್ತರಿಸಿದ ಕೂದಲಲ್ಲಿ ತುದಿಗಳೆಲ್ಲ ಕೆಳಗೆ ಒಂದೇ ಗೆರೆಯಲ್ಲಿರುತ್ತವೆ. ಲೇಯರ್‌ನಲ್ಲಿ ಹಾಗಲ್ಲ. ಕೆಲವು ಗದ್ದದ ಹತ್ತಿರ, ಕೆಲವು ಭುಜದ ಮೇಲೆ, ಮಿಕ್ಕವು ಬೆನ್ನ ಮೇಲೆ. ಈ ಎಲ್ಲ ಎತ್ತರದಲ್ಲೂ ತುದಿ ಸೀಳುತ್ತದೆ. ಮೇಲಿನ ಲೇಯರ್‌ನ ತುದಿಗಳು ಹೊರಗಡೆಯೇ ಇರುವುದರಿಂದ ಬಿಸಿಲು, ಡ್ರೈಯರ್‌ನ ಶಾಖ, ಬಾಚಣಿಗೆಯ ಉಜ್ಜಾಟ ಮೊದಲು ತಾಗುವುದೂ ಅವಕ್ಕೇ. ಕೆಳಗಿನ ಗೆರೆಯಿಂದ ಒಂದು ಇಂಚು ತೆಗೆಸಿಕೊಂಡರೆ ಉದ್ದವೂ ಹೋಯಿತು, ಮೇಲಿನ ಸೀಳು ತುದಿಗಳೂ ಇದ್ದಲ್ಲೇ ಉಳಿದವು.

ಕ್ಲಿಪ್ ಬಳಸುವ ಕ್ರಮ ಹೀಗೆ: ಕೂದಲನ್ನೆಲ್ಲ ಹಣೆಯ ಮುಂದಕ್ಕೆ ಬಾಚಿ ಕ್ಲಿಪ್ ಹಾಕುವುದು, ತುದಿಯವರೆಗೆ ಜಾರಿಸುವುದು, ಗುಳ್ಳೆ ನಡುವಿಗೆ ಬಂದಾಗ ಅದರಾಚೆ ಉಳಿದದ್ದನ್ನು ಕತ್ತರಿಸುವುದು. ತತ್ವದಲ್ಲಿ ತಪ್ಪಿಲ್ಲ. ಕತ್ತಿನ ಹಿಂದಿನ ಕೂದಲು ಹಣೆ ತಲುಪಲು ಇಡೀ ತಲೆ ದಾಟಬೇಕು, ಅದರ ಉದ್ದ ದಾರಿಯಲ್ಲೇ ಖರ್ಚಾಗುತ್ತದೆ. ಹಾಗಾಗಿ ಮುಂದಿನದು ಗಿಡ್ಡ, ಹಿಂದಿನದು ಉದ್ದ, ತಾನಾಗಿಯೇ ಲೇಯರ್. ಒಂದೇ ಉದ್ದದ ಕೂದಲಿಗೆ ಮೊದಲ ಸಲ ಲೇಯರ್ ತರುವವರಿಗೆ ಇದು ಸರಿಯೇ.

ತಕರಾರು ಇರುವುದು ಆಗಲೇ ಲೇಯರ್ ಇರುವವರಿಗೆ. ನಿಮ್ಮ ಲೇಯರ್ ಕತ್ತರಿಸಿದಾಗ ಕೂದಲನ್ನು ಎತ್ತ ಎಳೆದು ಹಿಡಿದಿದ್ದರು ಅನ್ನುವುದು ಇಲ್ಲಿ ಮುಖ್ಯ. ಒಂದೊಂದು ಭಾಗವನ್ನು ತಲೆಯಿಂದ ನೇರ ಹೊರಕ್ಕೆ, 90 ಡಿಗ್ರಿಗೆ ಎತ್ತಿ ಕತ್ತರಿಸಿದ್ದರೆ, ಎಲ್ಲವನ್ನೂ ಹಣೆಗೆ ತಂದಾಗ ತುದಿಗಳು ಒಂದು ಗೆರೆಗೆ ಬರುವುದೇ ಇಲ್ಲ. ಅಂಕುಡೊಂಕಾದ ಗೊಂಚಲೊಂದು ಕೈಗೆ ಸಿಗುತ್ತದೆ. ಅದನ್ನು ನೇರ ಮಾಡಲು ಹೋದರೆ ಉದ್ದದ ಎಳೆಗಳು ಇಂಚುಗಟ್ಟಲೆ ಹೋಗುತ್ತವೆ, ಸೀಳಿದ ಗಿಡ್ಡ ಎಳೆಗಳನ್ನು ಕತ್ತರಿ ಮುಟ್ಟುವುದೂ ಇಲ್ಲ. ಹಣೆಯ ಜುಟ್ಟು ಕಟ್ಟಿಯೇ ಲೇಯರ್ ಮಾಡಿಕೊಂಡವರೂ ಪ್ರತಿ ಸಲ ಅದೇ ಜಾಗದಲ್ಲಿ ಕಟ್ಟಬೇಕು. ಜುಟ್ಟು ಒಂದು ಇಂಚು ನೆತ್ತಿಯ ಕಡೆ ಸರಿದರೂ ಲೇಯರ್‌ನ ಇಳಿಜಾರು ಬೇರೆಯಾಗುತ್ತದೆ.

ಇನ್ನು ಆ ಗುಳ್ಳೆ. ಗಾರೆ ಕೆಲಸದವರ ರಸಮಟ್ಟದ ಹಾಗೆ ಅದಕ್ಕೆ ಗೊತ್ತಿರುವುದು ನೆಲದ ಮಟ್ಟ ಮಾತ್ರ, ತಲೆ ಎತ್ತ ವಾಲಿದೆ ಅನ್ನುವುದಲ್ಲ. ಕನ್ನಡಿ ನೋಡುತ್ತ ಕೈ ಎತ್ತಿದರೆ ಕತ್ತರಿ ಹಿಡಿದ ಕಡೆಗೆ ತಲೆ ಕೊಂಚ ವಾಲಿಯೇ ವಾಲುತ್ತದೆ. ಗುಳ್ಳೆ ನಡುವಿನಲ್ಲಿರುತ್ತದೆ, ಕೂದಲು ಬಿಟ್ಟ ಮೇಲೆ ಒಂದು ಪಕ್ಕ ಗಿಡ್ಡ. ಅದನ್ನು ಸರಿಮಾಡಲು ಇನ್ನೊಂದು ಪಕ್ಕ ಅರ್ಧ ಸೆಂಟಿಮೀಟರ್, ಅದು ಜಾಸ್ತಿಯಾಯಿತೆಂದು ಮತ್ತೆ ಈ ಕಡೆ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಹೀಗೆ ಎರಡು ಸುತ್ತು ಸರಿಮಾಡಿದರೆ ಒಂದು ತಿಂಗಳ ಬೆಳವಣಿಗೆ ನೆಲದ ಮೇಲೆ. ಸಾಲದ್ದಕ್ಕೆ ಶಾಂಪೂ ಹಾಕಿ ಒಣಗಿಸಿದ ನುಣುಪು ಕೂದಲಲ್ಲಿ ಕ್ಲಿಪ್ ಜಾರುತ್ತದೆ, ಅದೂ ಕತ್ತರಿ ಅರ್ಧ ಮುಚ್ಚಿದಾಗಲೇ.

ಇಷ್ಟು ಬೈದರೂ ಕಿಟ್ ಎಸೆಯಿರಿ ಅನ್ನಲಾರೆ, ಕಾರಣ ಆ ಐದೂವರೆ ಇಂಚಿನ ಕತ್ತರಿ. ಅಂಥ ದುಬಾರಿ ಲೋಹದ್ದೇನಲ್ಲ. ಆದರೆ ಒಂದು ಅಲಗಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿವೆ, ಉಗುರು ತಾಗಿಸಿದರೆ ಗೊತ್ತಾಗುತ್ತದೆ. ಅವು ಕೂದಲನ್ನು ಹಿಡಿದುಕೊಂಡು ಮುಂದಕ್ಕೆ ಜಾರದಂತೆ ತಡೆಯುತ್ತವೆ. ಕತ್ತರಿ ಹಿಡಿದು ಪಳಗದ ಕೈಗೆ ಇದೇ ಅನುಕೂಲ. ಕೂದಲ ಮೇಲೆ ಕತ್ತರಿ ಜಾರಿಸುತ್ತ ಕತ್ತರಿಸುವ ವಿದ್ಯೆಗೆ ಮಾತ್ರ ಇದು ಆಗದು, ಸಿಕ್ಕಿಕೊಂಡು ಎಳೆಯುತ್ತದೆ. ಐದೂವರೆ ಇಂಚು ಕೂಡ ಸರಿಯಾದ ಅಳತೆ. ಆರೂವರೆ, ಏಳು ಇಂಚಿನದಾದರೆ ತುದಿ ಎಲ್ಲಿದೆ ಅನ್ನುವ ಅಂದಾಜೇ ತಪ್ಪುತ್ತದೆ.

ಈ ಕತ್ತರಿಯಿಂದ ಉದ್ದ ಕಳೆಯದೆ ಟ್ರಿಮ್ ಮಾಡುವುದು ನಿಧಾನದ ಕೆಲಸ, ಒಂದು ಗಂಟೆ ಬೇಕು. ಕೂದಲು ತೊಳೆದು, ಪೂರ್ತಿ ಒಣಗಿಸಿ, ಸಿಕ್ಕು ಬಿಡಿಸಿರಬೇಕು. ಎಣ್ಣೆ ಇದ್ದರೆ ಎಳೆಗಳು ಅಂಟಿಕೊಂಡು ಸೀಳು ಕಾಣುವುದಿಲ್ಲ. ಒದ್ದೆ ಇದ್ದರೆ ಕೂದಲು ಹಿಗ್ಗುತ್ತದೆ, ಒಣಗಿದ ಮೇಲೆ ಅಂದುಕೊಂಡದ್ದಕ್ಕಿಂತ ಮೇಲೆ ಹೋಗಿ ನಿಲ್ಲುತ್ತದೆ. ಕಿಟಕಿಯ ಪಕ್ಕ ಕೂತು ಕಪ್ಪು ಕೂದಲಿಗೆ ಬಿಳಿ ಟವೆಲ್ ಹೊದ್ದರೆ ಅರ್ಧ ಕೆಲಸ ಆದಂತೆ.

ಎರಡು ಬೆರಳಗಲದಷ್ಟು ಕೂದಲು ತೆಗೆದುಕೊಂಡು ಬುಡದಿಂದ ತುದಿಯವರೆಗೆ ಬಿಗಿಯಾಗಿ ಹುರಿ ಮಾಡಿ. ಹುರಿಯ ಉದ್ದಕ್ಕೂ ಗಿಡ್ಡ ತುದಿಗಳು ರೋಮದಂತೆ ಹೊರಗೆ ನಿಲ್ಲುತ್ತವೆ. ಅವುಗಳಲ್ಲಿ ಕವಲೊಡೆದದ್ದು, ಬಿಳಿ ಚುಕ್ಕೆ ಇರುವುದು, ತೆಳ್ಳಗಾಗಿ ಬಾಗಿದ್ದು ಮಾತ್ರ ಕತ್ತರಿಯ ತುದಿಗೆ. ಕವಲಿನಿಂದ 3–5 ಮಿಲಿಮೀಟರ್ ಮೇಲೆ ಕತ್ತರಿಸಿ. ಕವಲಿನಲ್ಲೇ ಕತ್ತರಿಸಿದರೆ ಸೀಳು ಮತ್ತೆ ಮೇಲಕ್ಕೇರುತ್ತದೆ. ಬಿಳಿ ಚುಕ್ಕೆ ಅಂದರೆ ಎಳೆಯ ಹೊರಪದರ ಒಡೆದ ಜಾಗ, ಇವತ್ತು ಬಿಟ್ಟರೆ ನಾಳೆ ಬಾಚುವಾಗ ಅಲ್ಲೇ ತುಂಡಾಗುತ್ತದೆ. ಹೊಸದಾಗಿ ಬೆಳೆಯುತ್ತಿರುವ ಗಿಡ್ಡ ಕೂದಲೂ ಹೀಗೇ ಹೊರಗೆ ನಿಲ್ಲುತ್ತದೆ, ಆದರೆ ಅದರ ತುದಿ ಮೊನಚಾಗಿ ಚೊಕ್ಕಟವಾಗಿರುತ್ತದೆ. ಅದರ ತಂಟೆಗೆ ಹೋಗಬೇಡಿ. ಈಗ ಹುರಿಯನ್ನು ಎದುರು ದಿಕ್ಕಿಗೆ ತಿರುವಿ. ಮೊದಲು ಒಳಗಿದ್ದ ತುದಿಗಳು ಹೊರಗೆ ಬರುತ್ತವೆ. ಉದ್ದದ ಎಳೆಗಳು ಹುರಿಯಲ್ಲೇ ಸುತ್ತಿಕೊಂಡಿರುವುದರಿಂದ ಅವಕ್ಕೆ ಏಟಿಲ್ಲ, ಹುರಿಯ ಒಳಕ್ಕೆ ಕತ್ತರಿ ಹಾಕದಿದ್ದರೆ ಸಾಕು.

ಲೇಯರ್‌ನ ಅಂಚು ಹರಿದ ಹಾಗೆ ಕಾಣುತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆ. ಕಿವಿಯ ಮುಂದಿನಿಂದ ಲಂಬವಾಗಿ ಒಂದು ಭಾಗ ತೆಗೆದು, ಬಾಚಿ, ತಲೆಯಿಂದ ನೇರ ಹೊರಕ್ಕೆ ಎತ್ತಿ ಎರಡು ಬೆರಳ ನಡುವೆ ಹಿಡಿಯಿರಿ. ಹಳೆಯ ಲೇಯರ್‌ನ ಗೆರೆ ಅಲ್ಲೇ ಕಾಣುತ್ತದೆ. ಕಾಣದಿದ್ದರೆ ಕೈಯನ್ನು ಕೊಂಚ ಮೇಲೆ, ಕೆಳಗೆ, ಮುಂದೆ ಆಡಿಸಿ; ತುದಿಗಳು ಸೇರಿ ಚೊಕ್ಕ ಗೆರೆಯಾಗುವ ಕೋನವೇ ಆ ಲೇಯರ್ ಕತ್ತರಿಸಿದ ಕೋನ. ಕೂದಲಿಗೆ ಅಡ್ಡಲಾಗಿ ಕತ್ತರಿಸಬೇಡಿ. ಕತ್ತರಿಯನ್ನು ಹೆಚ್ಚುಕಮ್ಮಿ ಕೂದಲಿನ ನೇರಕ್ಕೇ ಹಿಡಿದು ತುದಿಯೊಳಗೆ 3 ಮಿಲಿಮೀಟರ್‌ನಷ್ಟು ಚುಚ್ಚಿ ಚುಚ್ಚಿ ತೆಗೆಯಿರಿ. ಮುಂದಿನ ಭಾಗಕ್ಕೆ ಹೋಗುವಾಗ ಕತ್ತರಿಸಿದ ಭಾಗದ ನಾಲ್ಕಾರು ಎಳೆ ಜೊತೆಗಿರಲಿ, ಅಳತೆ ಅದೇ. ಕಿವಿಯ ಮೇಲೆ ಎಳೆತ ಸಡಿಲವಾಗಿರಲಿ, ಬಿಗಿಯಾಗಿ ಎಳೆದು ಕತ್ತರಿಸಿದರೆ ಅಲ್ಲಿ ಮಾತ್ರ ಕೂದಲು ಕುಳ್ಳಾಗುತ್ತದೆ. ಹಿಂದಿನ ಕೂದಲಿಗೆ ಕತ್ತಿನವರೆಗೆ ನಡುಬೈತಲೆ ತೆಗೆದು ಎರಡೂ ಭುಜದ ಮೇಲೆ ಸಮನಾಗಿ ಮುಂದೆ ತನ್ನಿ. ಎಲ್ಲವನ್ನೂ ಒಂದೇ ಭುಜಕ್ಕೆ ಎಳೆದರೆ ಬೆನ್ನ ಮೇಲಿನ ಗೆರೆ ಓರೆಯಾಗುತ್ತದೆ.

ಕತ್ತರಿಗೂ ಒಂದು ಕಾಯಿಲೆ ಇದೆ: ನಡುವಿನ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಸಡಿಲವಾದರೆ ಕೂದಲು ಕತ್ತರಿಸದೆ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ, ತುದಿ ಜಜ್ಜಿಹೋಗಿ ಅಲ್ಲೇ ಹೊಸ ಸೀಳಿಗೆ ದಾರಿ. ಪರೀಕ್ಷೆ ಸುಲಭ. ಒಂದು ಉಂಗುರ ಹಿಡಿದು, ಇನ್ನೊಂದು ಅಲಗನ್ನು 90 ಡಿಗ್ರಿ ತೆರೆದು ಬಿಟ್ಟುಬಿಡಿ. ನಿಧಾನಕ್ಕೆ ಇಳಿದು ನಡುದಾರಿಯಲ್ಲಿ ನಿಂತರೆ ಸರಿ. ದಡಕ್ಕನೆ ಮುಚ್ಚಿದರೆ ಸ್ವಲ್ಪವೇ ಬಿಗಿ ಮಾಡಿ, ಕಾಲು ಸುತ್ತಿಗಿಂತ ಕಡಿಮೆ. ಅಲುಗಾಡದಿದ್ದರೆ ಅತಿ ಬಿಗಿ, ಅಂಚು ಬೇಗ ಸವೆಯುತ್ತದೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸ್ಕ್ರೂ ಬಳಿ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ, ನಾಲ್ಕು ಸಲ ತೆರೆದು ಮುಚ್ಚುವುದು. ಒದ್ದೆ ಟಿಶ್ಯೂ ಕತ್ತರಿಸಿ ನೋಡಿ: ಹರಿಯದೆ, ಮಡಚದೆ ನೇರ ಹೋದರೆ ಹರಿತ ಇದೆ. ಮನೆಯಲ್ಲಿ ಬೇರೆ ಯಾರಾದರೂ ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸಿದರೆ ಕಥೆ ಮುಗಿಯಿತು, ಬಚ್ಚಿಡಿ.

ಥಿನ್ನಿಂಗ್ ಕತ್ತರಿ ಡಬ್ಬಿಯಲ್ಲೇ ಇರಲಿ. ಅದು ದಟ್ಟಣೆ ಕಡಿಮೆ ಮಾಡುವ ಸಾಧನ, ತುದಿ ಸರಿಮಾಡುವುದಲ್ಲ. ಲೇಯರ್ ನಡುವೆ ಹಾಕಿದರೆ ಗಿಡ್ಡ ಎಳೆಗಳು ನೆಟ್ಟಗೆ ನಿಂತು, ಮುಂದಿನ ಸಲ ಹುರಿ ಮಾಡಿದಾಗ ಸೀಳು ತುದಿ ಯಾವುದು, ಇದು ಯಾವುದು ಅಂತ ಗೊತ್ತಾಗದು. ಬಾಚಣಿಗೆಯ ಹಲ್ಲುಗಳ ನಡುವೆ ಅಚ್ಚಿನ ಗೆರೆ ಚೂಪಾಗಿ ಉಳಿದಿದೆ, ಉಗುರಿನ ಅರದಿಂದ ಉಜ್ಜಿದರೆ ಬಳಸಬಹುದು. ಬಟ್ಟೆ ಕಪ್ಪು ಬಣ್ಣದ್ದು, ಕಪ್ಪು ಕೂದಲಿಗೆ ಪ್ರಯೋಜನವಿಲ್ಲ.

ಕ್ಲಿಪ್‌ಗಳಿಗೆ ಕೊನೆಗೆ ಒಂದು ಕೆಲಸ ಸಿಕ್ಕಿದೆ. ಮುಗಿದ ಭಾಗ ಒಂದು ಕಡೆ, ಬಾಕಿ ಇರುವುದು ಇನ್ನೊಂದು ಕಡೆ, ಎರಡೂ ಬೆರೆಯದ ಹಾಗೆ ಹಿಡಿದಿಡಲು ಚೆನ್ನಾಗಿವೆ. ಹಣೆಯ ಮೇಲಿನ ನೇರ ಫ್ರಿಂಜ್‌ಗೆ, ತಲೆ ನೆಟ್ಟಗಿಟ್ಟು, ಗುಳ್ಳೆಯೂ ಅಷ್ಟಿಷ್ಟು ಸಹಾಯ ಮಾಡುತ್ತದೆ. ಅದಕ್ಕಾಗಿ ಕಿಟ್‌ನ ದುಡ್ಡು ಕೊಡಬೇಕೇ ಅಂದರೆ ಬೇಡ. ಅದೇ ಬಜೆಟ್ಟಿನಲ್ಲಿ ಕತ್ತರಿಯೊಂದನ್ನೇ ಕೊಂಡರೆ ಇದಕ್ಕಿಂತ ಒಳ್ಳೆ ಸ್ಕ್ರೂ ಇರುವುದು ಸಿಗುತ್ತದೆ. ಕೈಯಿಂದಲೇ ತಿರುಗಿಸಬಹುದಾದ ಸ್ಕ್ರೂ ಇರುವುದನ್ನು ಆರಿಸಿ. ಗುಂಗುರು ಕೂದಲಿನವರು ಹುರಿ ಮಾಡುವ ಬದಲು ಒಂದೊಂದು ಸುರುಳಿಯನ್ನು ಬಿದ್ದಂತೆಯೇ ಹಿಡಿದು ತುದಿ ಮಾತ್ರ ತೆಗೆಯಲಿ, ಎಳೆದು ನೇರ ಮಾಡಿ ಕತ್ತರಿಸಿದರೆ ಬಿಟ್ಟಾಗ ಎಷ್ಟು ಮೇಲೆ ಹಾರುತ್ತದೋ ಹೇಳಲಾಗದು. ಎಡಗೈಯವರಿಗೆ ಈ ಕಿಟ್ ಬೇಡವೇ ಬೇಡ. ಬಲಗೈಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದಾಗ ಹೆಬ್ಬೆರಳ ಒತ್ತಡಕ್ಕೆ ಅಲಗುಗಳು ಒಂದನ್ನೊಂದು ಬಿಟ್ಟು ಅಗಲುತ್ತವೆ, ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಕೂದಲು ಮಡಚುವುದು ತಪ್ಪುವುದಿಲ್ಲ.